ಅರಿವಳಿಕೆ ಇಲ್ಲದೆ ಹಿಸ್ಟರೋಸ್ಕೋಪಿ: ಯಾವ ವಿಧಾನದಲ್ಲಿ ನೋವು ಕಡಿಮೆ?

ಮುಟ್ಟು ನಿಂತು ಹಲವು ವರ್ಷಗಳಾದ ಮೇಲೆ ರಕ್ತಸ್ರಾವ ಕಾಣಿಸಿಕೊಂಡಿರುವ ನಿಮ್ಮ ತಾಯಿಯವರಿಗೆ ಒಬ್ಬ ವೈದ್ಯರು ಅರಿವಳಿಕೆ ಕೊಟ್ಟು ಹಿಸ್ಟರೋಸ್ಕೋಪಿ (ಕ್ಯಾಮೆರಾ ಇರುವ ತೆಳು ಕೊಳವೆಯಿಂದ ಗರ್ಭಕೋಶದ ಒಳಭಾಗವನ್ನು ನೋಡುವ ಪರೀಕ್ಷೆ) ಮಾಡೋಣವೆಂದೂ, ಇನ್ನೊಬ್ಬರು ಅರಿವಳಿಕೆಯಿಲ್ಲದೆ ಹೊರರೋಗಿ ವಿಭಾಗದಲ್ಲೇ ಮುಗಿಸಬಹುದೆಂದೂ ಹೇಳಿದ್ದಾರೆ. ಯಾವುದು ಕಡಿಮೆ ನೋವಿನದು ಎಂದು ಕೇಳಿದ್ದೀರಿ. ಎರಡೂ ಬಗೆಯಲ್ಲಿ ಈ ಪರೀಕ್ಷೆ ಮಾಡುವ ಸ್ತ್ರೀರೋಗ ತಜ್ಞೆಯಾಗಿ ನನ್ನ ಸಲಹೆಯೆಂದರೆ, ಹೊರರೋಗಿ ವಿಭಾಗದಲ್ಲಿ ಮಾಡುವವರು ಯಾವ ವಿಧಾನವನ್ನು ಅನುಸರಿಸುತ್ತಾರೆ ಎಂಬುದನ್ನು ಮೊದಲು ವಿಚಾರಿಸಿ.

ಹಳೆಯ ಕ್ರಮದಲ್ಲಿ ಸ್ಪೆಕ್ಯುಲಂ ಹಾಕಿ ಯೋನಿಯನ್ನು ಅಗಲಿಸಿ, ಟೆನಾಕ್ಯುಲಂ ಎಂಬ ಚಿಮಟದಿಂದ ಗರ್ಭಕೋಶದ ಬಾಯಿಯನ್ನು ಹಿಡಿದು, ಬೇಕಾದರೆ ಅದನ್ನು ಹಿಗ್ಗಿಸಿ, ಆಮೇಲೆ ದೂರದರ್ಶಕದಂಥ ಕೊಳವೆಯನ್ನು ಒಳಗೆ ಬಿಡುತ್ತಾರೆ. ಹೀಗಾಗಿ ಪರೀಕ್ಷೆ ಆರಂಭವಾಗುವ ಮೊದಲೇ ರೋಗಿ ಸಾಕಷ್ಟು ನೋವು ಅನುಭವಿಸಿರುತ್ತಾರೆ. ಇಟಲಿಯ ಸ್ತ್ರೀರೋಗ ತಜ್ಞ ಸ್ಟೆಫಾನೊ ಬೆಟ್ಟೊಕ್ಕಿ 1990ರ ದಶಕದಲ್ಲಿ ಪ್ರಚಾರಕ್ಕೆ ತಂದ ವೆಜೈನೋಸ್ಕೋಪಿ ವಿಧಾನದಲ್ಲಿ ಈ ಎರಡು ಉಪಕರಣಗಳೂ ಇರುವುದಿಲ್ಲ. ಕೊಳವೆಯ ಮೂಲಕ ಸಲೈನ್ (ಉಪ್ಪುನೀರಿನ ದ್ರಾವಣ) ಹರಿಯುವಾಗ ಯೋನಿ ತಾನಾಗಿಯೇ ಹಿಗ್ಗುತ್ತದೆ, ವೈದ್ಯರು ಪರದೆಯ ಮೇಲೆ ನೋಡುತ್ತಲೇ ತೆಳುವಾದ ಕೊಳವೆಯನ್ನು ಗರ್ಭಕೋಶದ ಬಾಯಿಯ ಮೂಲಕ ಒಳಗೆ ಸಾಗಿಸುತ್ತಾರೆ. ಬ್ರಿಟನ್ನಿನಲ್ಲಿ 1,500ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ, ಈ ಎರಡೂ ಕ್ರಮಗಳನ್ನು ಹೋಲಿಸಿದ ವಾಸ್ಟ್ ಅಧ್ಯಯನದಲ್ಲಿ ವೆಜೈನೋಸ್ಕೋಪಿಯಲ್ಲಿ ನೋವು ಕಡಿಮೆಯಿತ್ತು, ಪರೀಕ್ಷೆಯೂ ಬೇಗ ಮುಗಿಯಿತು. ಆದರೆ ನೋವಿನ ವ್ಯತ್ಯಾಸ ಬಹಳ ದೊಡ್ಡದೇನೂ ಆಗಿರಲಿಲ್ಲ. ಆದ್ದರಿಂದ ‘ಏನೂ ಗೊತ್ತಾಗುವುದಿಲ್ಲ’ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಮುಟ್ಟಿನ ನೋವಿನಂಥ ಹಿಂಡುವಿಕೆ ಬಹುತೇಕರಿಗೆ ಇರುತ್ತದೆ, ಕೆಲವರಿಗೆ ಅದು ಸಹಿಸಲಾರದಷ್ಟೂ ಆಗುತ್ತದೆ.

ಕೊಳವೆಯ ದಪ್ಪವೂ ಮುಖ್ಯ. ಹೊರಕವಚ ಸೇರಿ ಸುಮಾರು 3ರಿಂದ 3.5 ಮಿಲಿಮೀಟರ್ ಇರುವ ಉಪಕರಣವಾದರೆ ಗರ್ಭಕೋಶದ ಬಾಯಿಯನ್ನು ಹಿಗ್ಗಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಬಾಗುವ ಕೊಳವೆಯಿಂದ ನೋವು ಇನ್ನೂ ಕಡಿಮೆಯಾಗಬಹುದಾದರೂ ಗಟ್ಟಿ ಕೊಳವೆಯಲ್ಲಿ ಚಿತ್ರ ಹೆಚ್ಚು ಸ್ಪಷ್ಟ. ಸಲೈನಿನ ಒತ್ತಡವನ್ನು ಒಳಭಾಗ ಕಾಣುವಷ್ಟಕ್ಕೆ ಮಾತ್ರ ಇಟ್ಟರೆ ಹಿಂಡುವಿಕೆ ಕಡಿಮೆ.

ನಿಮ್ಮ ತಾಯಿಯವರ ವಿಷಯದಲ್ಲಿ ಒಂದು ತೊಡಕಿದೆ. ಮುಟ್ಟು ನಿಂತವರಲ್ಲಿ, ಅದರಲ್ಲೂ ಸಹಜ ಹೆರಿಗೆ ಆಗದವರಲ್ಲಿ, ಗರ್ಭಕೋಶದ ಬಾಯಿ ಕಿರಿದಾಗಿರುವ ಸಾಧ್ಯತೆ ಹೆಚ್ಚು. ಹಿಗ್ಗಿಸಲೇಬೇಕಾಗಿ ಬಂದರೆ ಸ್ಥಳೀಯ ಅರಿವಳಿಕೆಯ ಚುಚ್ಚುಮದ್ದನ್ನು ಕೊಟ್ಟೇ ಮುಂದುವರಿಯಬೇಕು. ಬಾಯಿಯನ್ನು ಮೆದುಗೊಳಿಸಲೆಂದು ಎಲ್ಲರಿಗೂ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಅದರಿಂದಲೇ ಹೊಟ್ಟೆನೋವು, ರಕ್ತಸ್ರಾವ, ಭೇದಿ ಆಗಬಹುದು. ಪರೀಕ್ಷೆಗೆ ಒಂದು ಗಂಟೆ ಮೊದಲು ಇಬುಪ್ರೊಫೆನ್‌ನಂಥ ನೋವಿನ ಮಾತ್ರೆ ತೆಗೆದುಕೊಳ್ಳುವುದು ಉಪಯುಕ್ತ, ಆದರೆ ಮೂತ್ರಪಿಂಡದ ತೊಂದರೆ, ಹೊಟ್ಟೆಯ ಹುಣ್ಣು ಅಥವಾ ರಕ್ತ ತೆಳುವಾಗಿಸುವ ಔಷಧಿ ಇದ್ದರೆ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಸ್ಪೆಕ್ಯುಲಂ ಇಲ್ಲದೆ ಮಾಡುತ್ತೀರಾ, ಕೊಳವೆ ಎಷ್ಟು ದಪ್ಪ, ನೋವಾದರೆ ನಿಲ್ಲಿಸುತ್ತೀರಾ ಎಂದು ಹೊರರೋಗಿ ವಿಭಾಗದ ವೈದ್ಯರನ್ನು ನೇರವಾಗಿ ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ, ಅಥವಾ ಒಳಪರೀಕ್ಷೆಯೆಂದರೆ ತಾಯಿಯವರಿಗೆ ತೀವ್ರ ಭಯವಿದ್ದರೆ, ಅರಿವಳಿಕೆಯಲ್ಲಿ ಮಾಡಿಸುವುದೇ ಲೇಸು; ಅದಕ್ಕೆ ಉಪವಾಸ, ರಕ್ತಪರೀಕ್ಷೆ, ಇಸಿಜಿ, ಹೆಚ್ಚಿನ ಖರ್ಚು ಇದ್ದೇ ಇರುತ್ತದೆ. ಹೊರರೋಗಿ ವಿಭಾಗದಲ್ಲಿ ಆರಂಭಿಸಿ, ನೋವು ತಡೆಯಲಾಗದೆ ನಿಲ್ಲಿಸಿ, ಇನ್ನೊಂದು ದಿನ ಅರಿವಳಿಕೆಯಲ್ಲಿ ಪೂರ್ಣಗೊಳಿಸುವುದಕ್ಕೂ ಯಾವ ಅಡ್ಡಿಯಿಲ್ಲ. ಯಾವ ವಿಧಾನವನ್ನು ಆರಿಸಿಕೊಂಡರೂ ಮುಟ್ಟು ನಿಂತ ಮೇಲಿನ ರಕ್ತಸ್ರಾವದ ಕಾರಣ ತಿಳಿಯಲೇಬೇಕಾದ್ದರಿಂದ ಪರೀಕ್ಷೆಯನ್ನು ಮುಂದೂಡಬೇಡಿ.