ಕಾರಿನ ಮುಖ ರಸ್ತೆ ಕಡೆಗೆ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.)

ದಸರಾ ರಜೆ ಮುಗಿದ ವಾರ ಮಡಿಕೇರಿಯ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಒಬ್ಬ ಗಂಡ ಹೆಂಡತಿ ಬಂದರು. ಗಂಡನದು ಸಣ್ಣ ಕಾಫಿ ತೋಟ, ಆಕೆ ಟೀಚರ್. ಹನ್ನೆರಡು ವರ್ಷದ ಮಗಳಿದ್ದಾಳೆ. ಜಗಳ ಒಂದು ಪ್ರವಾಸದ್ದು.

ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು ದಾಟಿ ಮಂಗಳೂರು. ಅಲ್ಲಿಂದ ಹೆದ್ದಾರಿ 66 ಹಿಡಿದು ಕರಾವಳಿಯುದ್ದಕ್ಕೂ ಕಾರವಾರದವರೆಗೆ. ಐದು ದಿನದ ಲೆಕ್ಕ. ಮೂರನೇ ದಿನಕ್ಕೇ ಮುರುಡೇಶ್ವರದಿಂದ ವಾಪಸ್. "123 ಅಡಿ ಶಿವನ್ನೂ ಕಾರಿನಿಂದಲೇ ತೋರಿಸಿದ್ರು ಮೇಡಂ," ಅಂದರು ಆಕೆ. ಘಾಟಿಯಲ್ಲಿ ಮಗಳು ವಾಂತಿ ಬರುತ್ತೆ ಅಂದರೂ ಗಂಡ ಕಾರು ನಿಲ್ಲಿಸಲಿಲ್ಲ. ಮರವಂತೆಯಲ್ಲೂ ಇಲ್ಲ. ಮಗಳು ಅತ್ತಳು, ಇವರು ಗದರಿದರು. ಆಮೇಲೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಮೊದಲ ದಿನ ನಾನೇ ಎಡವಿದೆ. ಸುತ್ತಾಟ ಜಾಸ್ತಿಯಾಗಿ ಸುಸ್ತು ಅಂದುಕೊಂಡೆ. ದಿನಕ್ಕೆ ಎರಡೇ ಜಾಗ ಇಟ್ಟುಕೊಳ್ಳಿ ಅಂದೆ. ಮಗಳಿಗೆ ತಿರುವುಗಳಲ್ಲಿ ಮೊಬೈಲ್ ಬೇಡ, ಮುಂದಿನ ರಸ್ತೆ ನೋಡಲಿ ಅಂದೆ. ಮೊಬೈಲ್ ನೋಡುವ ಕಣ್ಣು 'ಸುಮ್ನೆ ಕೂತಿದ್ದೇನೆ' ಅನ್ನುತ್ತದೆ, ಒಳಕಿವಿ 'ತಿರುಗುತ್ತಿದ್ದೇನೆ' ಅನ್ನುತ್ತದೆ. ಹೊಟ್ಟೆ ತೊಳಸುವುದು ಆ ಗೊಂದಲಕ್ಕೇ. ಮಾತು ಸರಿಯೇ. ಆದರೆ ರೋಗ ಒಂದು, ಮದ್ದು ಇನ್ನೊಂದು.

ಎದ್ದು ಹೋಗುವಾಗ ಆಕೆ ಗೊಣಗಿದರು: "ಲಾಡ್ಜ್‌ನಲ್ಲೂ ಕಾರಿನ ಮುಖ ರಸ್ತೆ ಕಡೆಗೇ ಇರಬೇಕು. ಕೀ ದಿಂಬಿನ ಕೆಳಗೆ. ರಾತ್ರಿ ಮಳೆ ಬಂದ್ರೆ ಕಿಟಕಿ ಹತ್ರ ನಿಂತಿರ್ತಾರೆ."

"ಯಾವಾಗಿನಿಂದ?" ಅಂದೆ. ಆಕೆ ಗಂಡನ ಮುಖ ನೋಡಿದರು.

2018ರ ಆಗಸ್ಟ್, ಮಳೆಗೆ ಕೊಡಗಿನ ಗುಡ್ಡಗಳು ಜಾರಿದ ತಿಂಗಳು. ಕೊಡಗಿನವರಿಗೆ ಅಷ್ಟು ಹೇಳಿದರೆ ಸಾಕು ಅಲ್ವಾ? ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿದು ಗಂಡನ ತಂದೆಯ ಮನೆ ಹೋಯಿತು. ಆ ರಾತ್ರಿ ಅಪ್ಪ ಅಮ್ಮನನ್ನು ಕರೆದುಕೊಂಡು ಬಂದದ್ದು ಇವರೇ. ಕೆಸರಿನಲ್ಲಿ ಕಾರು ತಿರುಗಿಸಲು ಪಟ್ಟ ಪಾಡನ್ನು ಹೇಳುವಾಗ ಕೈ ಸ್ಟೇರಿಂಗ್ ಹಿಡಿದ ಹಾಗೇ ಇತ್ತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದರೆ, "ಘಾಟಿಯಲ್ಲಿ ಜೋಡುಪಾಲದ ಕಡೆ ಜನರೇ ಹೋದ್ರು ಮೇಡಂ. ನಮ್ಮದು ಬರೀ ಮನೆ. ಏನು ಅಂತ ಹೇಳ್ಕೊಳ್ಳಲಿ?"

ಈ ಮಾತನ್ನು ನಾನು ಇಲ್ಲಿ ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಜೀವ ಉಳಿದವರು ತಮ್ಮ ಭಯಕ್ಕೆ ಬೆಲೆಯೇ ಇಲ್ಲ ಅಂದುಕೊಳ್ಳುತ್ತಾರೆ. ಹೇಳಿಕೊಳ್ಳದ ಭಯ ಸಿಟ್ಟಾಗಿ ಹೊರಗೆ ಬರುತ್ತದೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ. ಜನ ಫೋಟೋ ತೆಗೆಯುತ್ತಿದ್ದರು. ಇವರಿಗೆ ಕಂಡದ್ದು ಎರಡೂ ಕಡೆ ನೀರು, ತಪ್ಪಿಸಿಕೊಳ್ಳಲು ಒಂದೇ ದಾರಿ.

ಹೆದರಬೇಡಿ ಅಂತ ನಾನು ಹೇಳಲಿಲ್ಲ. ಗುಡ್ಡ ಜಾರಿದ್ದು ಸುಳ್ಳಲ್ಲವಲ್ಲ. ಹೊರಡುವ ಮುಂಚೆ ಒಮ್ಮೆ ಹವಾಮಾನ ಮುನ್ಸೂಚನೆ ನೋಡಿ, ರೆಡ್ ಅಲರ್ಟ್ ಇದ್ದರೆ ಪ್ರವಾಸ ಬಿಡಿ, ಇಲ್ಲದಿದ್ದರೆ ದಾರಿಯಲ್ಲಿ ಮತ್ತೆ ಮತ್ತೆ ನೋಡಬೇಡಿ ಅಂದೆ. ಬಿಸಿಲಿರುವ ಬೆಳಿಗ್ಗೆ ಅದೇ ಘಾಟಿ ದಾರಿಯಲ್ಲಿ ಮೊದಲು ಮದೆನಾಡಿನವರೆಗೆ ಹೋಗಿ ಕಾಫಿ ಕುಡಿದು ಬನ್ನಿ. ಇನ್ನೊಂದು ವಾರ ಜೋಡುಪಾಲ, ಆಮೇಲೆ ಸಂಪಾಜೆ. ಎದೆ ಡವಗುಟ್ಟಿದರೆ ಆ ಕ್ಷಣ ತಿರುಗಿ ಬರಬೇಡಿ. ಪಕ್ಕಕ್ಕೆ ನಿಲ್ಲಿಸಿ, ಉಸಿರನ್ನು ನಿಧಾನವಾಗಿ ಬಿಡುತ್ತಾ ಕೂತಿರಿ, ಎದೆಬಡಿತ ಇಳಿದ ಮೇಲೆ ಹೊರಡಿ. ಸಪಾಟು ರಸ್ತೆಯಲ್ಲಿ ಸ್ಟೇರಿಂಗ್ ಹೆಂಡತಿಗೆ ಕೊಡಿ. ಆಕೆಗೆ ಲೈಸೆನ್ಸ್ ಇದೆ, ಇವರು ಕೊಟ್ಟದ್ದೇ ಇಲ್ಲ! ನಿದ್ದೆ ಕೆಟ್ಟಿದ್ದರಿಂದ ಮನೋವೈದ್ಯರ ಹತ್ತಿರವೂ ಕಳಿಸಿದೆ. ರಾತ್ರಿ ತೀರಾ ಕಷ್ಟವಾದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ, ಅದು ಉಚಿತ.

ಎಲ್ಲಕ್ಕಿಂತ ಕಷ್ಟವಾದದ್ದು ಮಗಳಿಗೆ ಹೇಳುವುದು. ಎರಡು ವಾರ ಮುಂದೂಡಿದರು. ಕೊನೆಗೆ ಹೇಳಿದಾಗ ಅವಳು ಕೇಳಿದಳಂತೆ, "ಹಾಗಾದ್ರೆ ಸಿಟ್ಟು ನನ್ನ ಮೇಲಲ್ವಾ ಅಪ್ಪ?"

ಕಾಫಿ ಕುಯ್ಲು ಮುಗಿದ ಮೇಲೆ ಮತ್ತೆ ಹೋದರು. ಕಾರವಾರಕ್ಕಲ್ಲ, ಮರವಂತೆಗೆ ಮಾತ್ರ. ಒಂದೇ ರಾತ್ರಿ. ಹೆಂಡತಿ ಫೋಟೋ ಕಳಿಸಿದ್ದರು. ಅಪ್ಪ ಮಗಳು ಪ್ಯಾಂಟ್ ಮಡಚಿ ನೀರಲ್ಲಿ ನಿಂತಿದ್ದಾರೆ. ಹಿಂದೆ ಕಾರು ಕಾಣುತ್ತದೆ. ಅದರ ಮುಖ ಈಗಲೂ ರಸ್ತೆ ಕಡೆಗೇ ಇದೆ. ಅದನ್ನು ಬಿಡಿ ಅಂತ ನಾನು ಹೇಳಿಯೂ ಇಲ್ಲ.