ವಯಸ್ಕರ ಹವ್ಯಾಸಿ ಸ್ಲೋ-ಪಿಚ್ ಸಾಫ್ಟ್‌ಬಾಲ್ ಲೀಗಿಗೆ ಯಾವ ನಿಯಮಗಳನ್ನು ಬರೆದಿಡಬೇಕು?

ಕೆನಡಾದ ಬ್ರಾಂಪ್ಟನ್ನಿನಲ್ಲಿ ಸಹೋದ್ಯೋಗಿಗಳೂ ನೆರೆಹೊರೆಯವರೂ ಸೇರಿ ಮುಂದಿನ ಬೇಸಿಗೆಯಿಂದ ಆರು ತಂಡಗಳ ಸ್ಲೋ-ಪಿಚ್ (ಚೆಂಡನ್ನು ನಿಧಾನವಾಗಿ ಎಸೆಯುವ, ಬೇಸ್‌ಬಾಲಿನಂಥ ಆಟ) ಲೀಗೊಂದನ್ನು ನಡೆಸಬೇಕೆಂದಿದ್ದೀರಿ, ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ ಆಡುತ್ತಾರೆ, ಅರ್ಧಕ್ಕಿಂತ ಹೆಚ್ಚು ಮಂದಿ ಕ್ರಿಕೆಟ್ ಆಡಿ ಬೆಳೆದವರು, ಹೀಗಿರುವಾಗ ನಿಯಮಾವಳಿಯನ್ನು ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಪಕ್ಕದ ಮಿಸ್ಸಿಸಾಗಾದಲ್ಲಿ ಇಂಥದೇ ಒಂದು ಲೀಗಿನ ನಿಯಮಗಳ ಹೊಣೆಯನ್ನು ಹಲವು ಬೇಸಿಗೆಗಳಿಂದ ನೋಡಿಕೊಳ್ಳುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲನೆಯದಾಗಿ, ಇಡೀ ನಿಯಮಾವಳಿಯನ್ನು ನೀವೇ ಬರೆಯಲು ಹೊರಡಬೇಡಿ. ಕೆನಡಾದಲ್ಲಿ ಸಾಫ್ಟ್‌ಬಾಲ್ ಕೆನಡಾ ಮತ್ತು ಸ್ಲೋ-ಪಿಚ್ ನ್ಯಾಷನಲ್, ಅಮೆರಿಕದಲ್ಲಿ ಯುಎಸ್‌ಎ ಸಾಫ್ಟ್‌ಬಾಲ್ ಮೊದಲಾದ ಸಂಸ್ಥೆಗಳು ಪೂರ್ಣ ನಿಯಮ ಪುಸ್ತಕಗಳನ್ನು ಪ್ರಕಟಿಸಿವೆ. ಅವುಗಳಲ್ಲಿ ಒಂದನ್ನು ಆಧಾರವಾಗಿ ಅಂಗೀಕರಿಸಿ, "ಇಲ್ಲಿ ಬೇರೆ ರೀತಿ ಹೇಳದ ಎಲ್ಲ ವಿಷಯಗಳಿಗೂ ಈ ಪುಸ್ತಕವೇ ಅನ್ವಯಿಸುತ್ತದೆ" ಎಂಬ ಒಂದು ವಾಕ್ಯವನ್ನು ಮೇಲೆ ಬರೆದು, ಅದರ ಕೆಳಗೆ ಎರಡು ಪುಟ ಮೀರದ ಸ್ಥಳೀಯ ನಿಯಮಗಳನ್ನು ಸೇರಿಸಿದರೆ ಸಾಕು. ಹತ್ತು ಫೀಲ್ಡರ್‌ಗಳು, ಏಳು ಇನ್ನಿಂಗ್ಸ್, ಪಿಚರ್ (ಚೆಂಡು ಎಸೆಯುವವರು) ನಿಲ್ಲುವ ಜಾಗದಿಂದ ಹೋಮ್ ಪ್ಲೇಟಿಗೆ (ಬ್ಯಾಟ್ ಮಾಡುವ, ಓಟ ಮುಗಿಸುವ ಜಾಗ) 50 ಅಡಿ, ಬೇಸಿನಿಂದ ಬೇಸಿಗೆ (ಓಟಗಾರರು ಒಂದಾದ ಮೇಲೊಂದು ಮುಟ್ಟಬೇಕಾದ ತಂಗುದಾಣ) ಸಾಮಾನ್ಯವಾಗಿ 65 ಅಡಿ, ಚೆಂಡಿನ ಅಳತೆ ಇವೆಲ್ಲ ಆಧಾರ ಪುಸ್ತಕದಿಂದಲೇ ಬರುತ್ತವೆ. ಆ ಎರಡು ಪುಟಗಳಲ್ಲಿ ಸೇರಿಸುವ ಪ್ರತಿಯೊಂದು ನಿಯಮವನ್ನೂ ಎರಡು ಪ್ರಶ್ನೆಗಳಿಗೆ ಒಡ್ಡಿ ನೋಡಿ: ಇದರಿಂದ ಯಾರಿಗಾದರೂ ಪೆಟ್ಟಾಗುವುದು ತಪ್ಪುತ್ತದೆಯೇ? ತಂಡದಲ್ಲಿ ಅತ್ಯಂತ ಕಡಿಮೆ ಪಳಗಿದ ಆಟಗಾರ ಮುಂದಿನ ವಾರವೂ ಬರುವಂತೆ ಇದು ಮಾಡುತ್ತದೆಯೇ? ಎರಡಕ್ಕೂ ಉತ್ತರ "ಇಲ್ಲ" ಎಂದಾದರೆ ಹವ್ಯಾಸಿ ಲೀಗಿಗೆ ಆ ನಿಯಮದ ಅಗತ್ಯವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪಿಚ್ ವಿಷಯದಲ್ಲಿ ಹೆಚ್ಚು ಗೊಂದಲವಿಲ್ಲ. ಚೆಂಡನ್ನು ಕೈ ಕೆಳಗಿನಿಂದ, ನಿಧಾನವಾಗಿ, ಕಮಾನಿನಂತೆ ಏರಿ ಇಳಿಯುವ ಹಾಗೆ ಎಸೆಯಬೇಕು. ಯುಎಸ್‌ಎ ಸಾಫ್ಟ್‌ಬಾಲ್ ನಿಯಮದಂತೆ ಅದರ ಎತ್ತರ ನೆಲದಿಂದ ಕನಿಷ್ಠ 6 ಅಡಿ, ಗರಿಷ್ಠ 10 ಅಡಿ ಇರಬೇಕು. ಕೆನಡಾದ ಲೀಗುಗಳಲ್ಲಿ 12 ಅಡಿಯವರೆಗೂ ಬಿಡುವುದು ರೂಢಿ. ಸ್ಟ್ರೈಕ್ (ಸರಿಯಾದ ಎಸೆತ, ಮೂರಾದರೆ ಬ್ಯಾಟರ್ ಔಟ್) ಯಾವುದು, ಬಾಲ್ (ತಪ್ಪಿದ ಎಸೆತ) ಯಾವುದು ಎಂಬ ವಾದವನ್ನು ತಪ್ಪಿಸಲು ಹೋಮ್ ಪ್ಲೇಟಿನ ಹಿಂದೆ ಒಂದು ರಬ್ಬರ್ ಮ್ಯಾಟ್ ಹಾಸಿಬಿಡಿ. ಎತ್ತರ ಸರಿಯಿದ್ದ ಚೆಂಡು ಬಂದು ಪ್ಲೇಟಿನ ಮೇಲೋ ಮ್ಯಾಟಿನ ಮೇಲೋ ಬಿದ್ದರೆ ಸ್ಟ್ರೈಕ್, ಹೊರಗೆ ಬಿದ್ದರೆ ಬಾಲ್. ಅನುಭವಿ ಅಂಪೈರ್ ಸಿಗದ ದಿನವೂ ಆಟ ನಿಲ್ಲದಂತೆ ಕಾಯುವ ವ್ಯವಸ್ಥೆ ಇದು. ಎತ್ತರ ತಪ್ಪಿದ ಪಿಚ್ಚನ್ನು ಬ್ಯಾಟರ್ ತಾನಾಗಿಯೇ ಹೊಡೆದರೆ ಆ ಹೊಡೆತದ ಫಲಿತಾಂಶವೇ ನಿಲ್ಲುತ್ತದೆ ಎಂಬುದನ್ನು ಮಾತ್ರ ಹೊಸಬರಿಗೆ ಮೊದಲೇ ತಿಳಿಸಿಡಿ.

ಕ್ರಿಕೆಟ್ಟಿನಿಂದ ಬಂದವರ ಬಗ್ಗೆ ನೀವು ವಿಶೇಷವಾಗಿ ಕೇಳಿದ್ದರಿಂದ ಇಷ್ಟು ಹೇಳಬೇಕು. ಬ್ಯಾಟ್ ಹಿಡಿದುಕೊಂಡೇ ಓಡುವುದು ಅವರಿಗೆ ರಕ್ತಗತವಾಗಿರುತ್ತದೆ. ಇಲ್ಲಿ ಬ್ಯಾಟನ್ನು ಬಿಟ್ಟು ಓಡಬೇಕು, ಆದರೆ ಎಸೆಯಬಾರದು. ಗಾಳಿಯಲ್ಲಿ ತೂರಿ ಹೋದ ಬ್ಯಾಟು ಪ್ಲೇಟಿನ ಹಿಂದೆ ನಿಲ್ಲುವ ಕ್ಯಾಚರ್‌ನ ಮೊಣಕಾಲಿಗೆ ಬಡಿಯಲು ಕ್ಷಣವೂ ಬೇಡವಾದ್ದರಿಂದ ಮೊದಲ ಸಲಕ್ಕೆ ಎಚ್ಚರಿಕೆ, ಎರಡನೆಯ ಸಲಕ್ಕೆ ಔಟ್ ಎಂದು ಬರೆಯಿರಿ. ಗೆರೆಯೊಳಗೆ ಹೊಡೆದ ಮೇಲೆ ಓಡಲೇಬೇಕು, ಓಡದೆ ನಿಲ್ಲುವ ಆಯ್ಕೆ ಇಲ್ಲ. ಫೌಲ್ ಪ್ರದೇಶದಲ್ಲಿ, ಅಂದರೆ ಗೆರೆಯ ಹೊರಗೆ, ಹಿಡಿದ ಕ್ಯಾಚೂ ಔಟೇ. ಕ್ಯಾಚ್ ಆದಾಗ ಬೇಸ್ ಬಿಟ್ಟು ಮುಂದೆ ಹೋಗಿದ್ದ ಓಟಗಾರ ಮೊದಲು ತನ್ನ ಹಳೆಯ ಬೇಸಿಗೆ ಮರಳಿ ಅದನ್ನು ಮುಟ್ಟಬೇಕು, ಅಷ್ಟರಲ್ಲಿ ಚೆಂಡು ಆ ಬೇಸಿಗೆ ತಲುಪಿದರೆ ಅವನೂ ಔಟ್. ಕ್ರಿಕೆಟ್ಟಿಗರು ಮೊದಲ ತಿಂಗಳಲ್ಲಿ ಅತಿ ಹೆಚ್ಚು ಎಡವುವುದು ಇಲ್ಲಿಯೇ. ಬೇಸ್ ಕದಿಯುವುದನ್ನೂ (ಚೆಂಡು ಹೊಡೆಯದಿದ್ದರೂ ಮುಂದಿನ ಬೇಸಿಗೆ ಓಡುವುದು) ಬಂಟ್ ಮಾಡುವುದನ್ನೂ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಡೆದು ಹತ್ತಿರವೇ ಬೀಳಿಸುವುದು) ಹವ್ಯಾಸಿ ಸ್ಲೋ-ಪಿಚ್‌ನಲ್ಲಿ ಬಿಡುವುದಿಲ್ಲ. ಋತು ಆರಂಭವಾಗುವ ಮುನ್ನ ಒಂದು ಸಂಜೆ ಮೈದಾನದಲ್ಲೇ ಇವನ್ನೆಲ್ಲ ನಡೆದು ತೋರಿಸಿದರೆ ಹತ್ತು ಇಮೇಲ್‌ಗಳಿಗಿಂತ ಹೆಚ್ಚು ಪ್ರಯೋಜನವಾಗುತ್ತದೆ.

ಪೆಟ್ಟಿನ ಮಾತಿಗೆ ಬಂದರೆ, ಹವ್ಯಾಸಿ ಆಟದಲ್ಲಿ ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದು ಹೆಚ್ಚಾಗಿ ಎರಡೇ ಕಡೆ: ಮೊದಲ ಬೇಸಿನಲ್ಲಿ ಮತ್ತು ಹೋಮ್ ಪ್ಲೇಟಿನಲ್ಲಿ. ಮೊದಲ ಬೇಸಿಗೆ ಪರಿಹಾರ ಸುಲಭ. ಬಿಳಿ ಮತ್ತು ಕಿತ್ತಳೆ ಬಣ್ಣದ ಜೋಡಿ ಬೇಸನ್ನು ಹಾಕಿ, ಬಿಳಿಯದನ್ನು ಫೀಲ್ಡರ್‌ಗೂ ಗೆರೆಯ ಹೊರಗಿರುವ ಕಿತ್ತಳೆಯದನ್ನು ಓಡಿ ಬರುವವರಿಗೂ ಮೀಸಲಿಡಿ. ಹೋಮ್ ಪ್ಲೇಟಿನ ವಿಷಯ ಸ್ವಲ್ಪ ಸೂಕ್ಷ್ಮ. ಮೂರನೆಯ ಬೇಸಿನಿಂದ ಒಬ್ಬ ದೊಡ್ಡಾಳು ಉಸಿರುಗಟ್ಟಿ ಓಡಿ ಬರುತ್ತಿದ್ದಾನೆ, ಎಡಗಡೆಯಿಂದ ಚೆಂಡು ಬರುತ್ತಿದೆ, ಕ್ಯಾಚರ್ ಅದರ ಮೇಲೆಯೇ ಕಣ್ಣಿಟ್ಟು ಓಟಗಾರನನ್ನು ಗಮನಿಸದೆ ಪ್ಲೇಟಿನ ಮುಂದೆ ನಿಂತಿದ್ದಾಳೆ ಎಂದು ಊಹಿಸಿಕೊಳ್ಳಿ. ಇಬ್ಬರಿಗೂ ಒಂದೇ ಜಾಗ ಬೇಕಾದಾಗ ಮೂಳೆ ಮುರಿಯುವುದು ಯಾರದೆಂಬುದು ಅದೃಷ್ಟಕ್ಕೆ ಬಿಟ್ಟದ್ದು. ಅದಕ್ಕಾಗಿ ಪ್ಲೇಟನ್ನು ಪೂರ್ತಿಯಾಗಿ ಕ್ಯಾಚರ್‌ಗೆ ಬಿಟ್ಟುಕೊಟ್ಟು, ಓಟಗಾರರಿಗಾಗಿ ಪಕ್ಕದಲ್ಲಿ ಬೇರೆಯೇ ಒಂದು ಸೇಫ್ ಗೆರೆಯನ್ನು ಎಳೆಯಬೇಕು. ಇದರ ಜೊತೆಗೆ ಮೂರನೆಯ ಬೇಸಿನ ದಾರಿಯಲ್ಲಿ, ಪ್ಲೇಟಿನಿಂದ 20 ಅಡಿ ಅಥವಾ ಇನ್ನೂ ಸ್ವಲ್ಪ ದೂರದಲ್ಲಿ, ಒಂದು ಕಮಿಟ್‌ಮೆಂಟ್ ಗೆರೆ ಇರಬೇಕು. ಅದನ್ನು ದಾಟಿದವರು ಹಿಂದಿರುಗುವಂತಿಲ್ಲ, ಅವರನ್ನು ಚೆಂಡಿನಿಂದ ಮುಟ್ಟಿ ಔಟ್ ಮಾಡುವಂತೆಯೂ ಇಲ್ಲ. ಅವರು ಸೇಫ್ ಗೆರೆ ಮುಟ್ಟುವ ಮೊದಲು ಚೆಂಡು ಹಿಡಿದ ಕ್ಯಾಚರ್‌ನ ಕಾಲು ಪ್ಲೇಟನ್ನು ಮುಟ್ಟಿದ್ದರೆ ಮಾತ್ರ ಔಟ್. ಓಟಗಾರನೇ ಪ್ಲೇಟನ್ನು ತುಳಿದರೆ ಅದೂ ಔಟ್, ಅಲ್ಲಿ ಜಾರಿಕೊಂಡು ಬರುವುದಕ್ಕೂ ಅವಕಾಶವಿಲ್ಲ. ಆಟದ ಸೊಗಸು ಇದರಿಂದ ಕಡಿಮೆಯಾಗುತ್ತದೆ ಎಂದು ಪಳಗಿದವರು ಮುಖ ಸಿಂಡರಿಸಬಹುದು. ಸೋಮವಾರ ಬೆಳಗ್ಗೆ ಎಲ್ಲರೂ ಕೆಲಸಕ್ಕೆ ಹೋಗಬೇಕಾದವರು ಎಂಬ ಕಾರಣಕ್ಕೆ ಈ ಒಂದು ನಿಯಮದಲ್ಲಿ ಮಾತ್ರ ಯಾವ ರಾಜಿಗೂ ಒಪ್ಪಬೇಡಿ.

ಪಿಚರ್‌ನ ಮುಖರಕ್ಷಕವೂ ಅಷ್ಟೇ ಮುಖ್ಯ. ಗಂಟೆಗೆ 90 ಮೈಲಿ ವೇಗದಲ್ಲಿ ಬ್ಯಾಟಿನಿಂದ ಸಿಡಿದ ಚೆಂಡು 50 ಅಡಿ ಕ್ರಮಿಸಲು ಅರ್ಧ ಸೆಕೆಂಡೂ ಬೇಡ, ಪಿಚ್ ಮುಗಿಸಿ ಮುಂದಕ್ಕೆ ವಾಲಿರುವ ಪಿಚರ್‌ಗೆ ಕೈ ಎತ್ತಲೂ ಸಮಯ ಸಿಗುವುದಿಲ್ಲ. ಮುಖರಕ್ಷಕವನ್ನು ಕಡ್ಡಾಯ ಮಾಡಿ, ಪ್ರತಿ ತಂಡದ ಸಾಮಾನಿನ ಚೀಲದಲ್ಲಿ ಲೀಗಿನ ಖರ್ಚಿನಿಂದಲೇ ಒಂದನ್ನು ಇಡಿ. ಇದೇ ಕಾರಣಕ್ಕೆ ಬ್ಯಾಟುಗಳ ವಿಷಯದಲ್ಲಿ ಕಟ್ಟುನಿಟ್ಟಾಗಿರಿ: ಆಧಾರ ಪುಸ್ತಕದ ಸಂಸ್ಥೆ ಮಾನ್ಯ ಮಾಡಿದ ಮುದ್ರೆಯಿಲ್ಲದ ಬ್ಯಾಟಿಗೆ ಅವಕಾಶವಿಲ್ಲ ಎಂದೂ, ಒಳಗೋಡೆಯನ್ನು ಹೆರೆದು ತೆಳುವಾಗಿಸಿದ ಬ್ಯಾಟು ಸಿಕ್ಕಿಬಿದ್ದರೆ ಅದರ ಒಡೆಯನನ್ನು ಆ ಋತುವಿಡೀ ಹೊರಗಿಡುವುದಾಗಿಯೂ ಬರೆಯಿರಿ. ಲೋಹದ ಮುಳ್ಳಿನ ಬೂಟುಗಳನ್ನು ನಿಷೇಧಿಸಲು ಒಂದು ಸಾಲು ಸಾಕು.

ಮಿಶ್ರ ತಂಡಗಳ ನಿಯಮಗಳಿಗೆ ಬಹಳ ಎಚ್ಚರ ಬೇಕು, ಲೀಗು ಉಳಿಯುವುದೂ ಅಳಿಯುವುದೂ ಹೆಚ್ಚಾಗಿ ಇಲ್ಲಿಯೇ. ಪುಸ್ತಕದ ಪ್ರಕಾರ ಐದು ಗಂಡಸರು, ಐದು ಹೆಂಗಸರು, ಬ್ಯಾಟಿಂಗ್ ಸರದಿಯಲ್ಲಿ ಗಂಡಸು, ಹೆಂಗಸು ಎಂದು ಒಬ್ಬರಾದ ಮೇಲೊಬ್ಬರು. ಬಲವಾಗಿ ಹೊಡೆಯುವ ಗಂಡಸೊಬ್ಬ ಬ್ಯಾಟಿಂಗಿಗೆ ಬಂದಾಗ ಪಿಚರ್ ಬೇಕೆಂದೇ ನಾಲ್ಕು ಬಾಲ್ ಎಸೆದು ಅವನನ್ನು ಮೊದಲ ಬೇಸಿಗೆ ಕಳುಹಿಸಿ, ಮುಂದೆ ಬರುವ ಮಹಿಳೆಯನ್ನು ಸುಲಭವಾಗಿ ಔಟ್ ಮಾಡೋಣವೆಂದು ಲೆಕ್ಕ ಹಾಕುವುದುಂಟು. ಎಲ್ಲರೆದುರು ಒಬ್ಬರನ್ನು "ಕೈಲಾಗದವರು" ಎಂದು ಸಾರಿದಂತಾಗುವ ಈ ತಂತ್ರವನ್ನು ಎದುರಿಸಿದ ಮಹಿಳೆ ಮುಂದಿನ ವರ್ಷ ಹೆಸರು ಕೊಡದಿದ್ದರೆ ತಪ್ಪು ಅವಳದಲ್ಲ. ಯುಎಸ್‌ಎ ಸಾಫ್ಟ್‌ಬಾಲ್‌ನ ಮಿಶ್ರ ಆಟದ ನಿಯಮ ಇದಕ್ಕೆ ಚೆನ್ನಾಗಿಯೇ ಕಡಿವಾಣ ಹಾಕುತ್ತದೆ: ಗಂಡಸಿಗೆ ವಾಕ್ (ನಾಲ್ಕು ಬಾಲ್ ಆದಾಗ ಹೊಡೆಯದೆಯೇ ಬೇಸಿಗೆ ನಡೆಯುವ ಅವಕಾಶ) ಸಿಕ್ಕರೆ ಒಂದಲ್ಲ, ಎರಡು ಬೇಸ್; ಆಗಲೇ ಇಬ್ಬರು ಔಟಾಗಿದ್ದರೆ ಮುಂದಿನ ಮಹಿಳೆ ಬ್ಯಾಟ್ ಮಾಡಬಹುದು ಅಥವಾ ಬ್ಯಾಟ್ ಮಾಡದೆಯೇ ಮೊದಲ ಬೇಸಿಗೆ ನಡೆಯಬಹುದು, ಆಯ್ಕೆ ಅವಳದು. ಇದನ್ನು ಒಂದಕ್ಷರವೂ ಬದಲಿಸದೆ ತೆಗೆದುಕೊಳ್ಳಿ. ಮಹಿಳೆಯರು ಬ್ಯಾಟಿಂಗಿಗೆ ಬಂದಾಗ ಔಟ್‌ಫೀಲ್ಡರ್‌ಗಳು ತೀರ ಹತ್ತಿರಕ್ಕೆ ನುಗ್ಗದಂತೆ ಹುಲ್ಲಿನ ಮೇಲೆ ಒಂದು ಗೆರೆ ಹಾಕಿ, ಬ್ಯಾಟಿಗೆ ಚೆಂಡು ತಗಲುವವರೆಗೆ ಅದರ ಹಿಂದೆಯೇ ನಿಲ್ಲಬೇಕೆಂದು ಹೇಳುವುದೂ ಒಳ್ಳೆಯದು. ಮಹಿಳೆಯರ ಸಂಖ್ಯೆ ಕಡಿಮೆಯಾದ ದಿನ ಖಾಲಿ ಸ್ಥಾನಕ್ಕೆ ಔಟ್ ಕೊಡುವ ಪದ್ಧತಿ ಕೆಲವು ಲೀಗುಗಳಲ್ಲಿದೆ. ಮಗುವಿಗೆ ಜ್ವರ ಬಂದು ಮನೆಯಲ್ಲುಳಿದವರ ಕಾರಣಕ್ಕೆ ತಂಡವನ್ನು ದಂಡಿಸುವುದು ನನಗೆ ಸರಿಯೆನಿಸುವುದಿಲ್ಲ; ಅಂದು ಆಟವಿಲ್ಲದ ಬೇರೆ ತಂಡದಿಂದ ಇಬ್ಬರವರೆಗೆ ಎರವಲು ಪಡೆಯಲು ಬಿಡಿ, ಪ್ಲೇಆಫ್‌ನಲ್ಲಿ (ಋತುವಿನ ಕೊನೆಯ ನಿರ್ಣಾಯಕ ಪಂದ್ಯಗಳಲ್ಲಿ) ಮಾತ್ರ ಬೇಡ.

ಹಾಜರಿರುವ ಎಲ್ಲರೂ ಸರದಿಯಲ್ಲಿ ಬ್ಯಾಟ್ ಮಾಡಬೇಕು, ಫೀಲ್ಡಿಂಗಿನಲ್ಲಿ ಯಾರೂ ಸತತ ಎರಡು ಇನ್ನಿಂಗ್ಸ್ ಬೆಂಚಿನ ಮೇಲೆ ಕೂರಬಾರದು ಎಂದು ಬರೆಯುವುದರಿಂದ ನಾಯಕರ ಮೇಲಿನ ಮುಲಾಜಿನ ಹೊರೆ ಇಳಿಯುತ್ತದೆ. ಗಾಯಗೊಂಡು ಹೊರನಡೆದವರ ಸರದಿ ಬಂದಾಗ ಔಟ್ ಎಣಿಸದೆ ಮುಂದಕ್ಕೆ ಹೋಗಿ. ಒಂದು ಇನ್ನಿಂಗ್ಸ್‌ನಲ್ಲಿ ಒಂದು ತಂಡಕ್ಕೆ ಐದು ರನ್ನುಗಳ ಮಿತಿ ಹಾಕಿ ಕೊನೆಯ ಇನ್ನಿಂಗ್ಸ್‌ಗೆ ಮಾತ್ರ ಮಿತಿ ತೆಗೆದರೆ ದುರ್ಬಲ ತಂಡವೂ ಕೊನೆಯವರೆಗೆ ಆಸೆಯಿಟ್ಟುಕೊಂಡು ಆಡುತ್ತದೆ. ನಗರಸಭೆ ಕೊಡುವ ಡೈಮಂಡಿನ (ಸಾಫ್ಟ್‌ಬಾಲ್ ಮೈದಾನದ) ಸಮಯಕ್ಕೆ ಮಿತಿಯಿರುವುದರಿಂದ, ನಿಮ್ಮ ಪಾಳಿ ಒಂದೂವರೆ ಗಂಟೆಯದಾದರೆ, ಆರಂಭವಾಗಿ 75 ನಿಮಿಷ ಕಳೆದ ಮೇಲೆ ಹೊಸ ಇನ್ನಿಂಗ್ಸ್ ಶುರುಮಾಡುವಂತಿಲ್ಲ ಎಂದಿರಲಿ. ಯಾವುದು ಕೊನೆಯ ಇನ್ನಿಂಗ್ಸ್ ಎಂಬುದನ್ನು ಅದು ಆರಂಭವಾಗುವ ಮುನ್ನವೇ ಅಂಪೈರ್ ಎರಡೂ ತಂಡಗಳಿಗೆ ಕೂಗಿ ಹೇಳಬೇಕು. ಪ್ರತಿ ಬ್ಯಾಟರ್‌ಗೂ ಒಂದು ಬಾಲ್, ಒಂದು ಸ್ಟ್ರೈಕ್ ಈಗಾಗಲೇ ಆಗಿದೆಯೆಂದು ಎಣಿಸಿ ಆರಂಭಿಸಿದರೆ ಆಟ ಇನ್ನೂ ಚುರುಕಾಗುತ್ತದೆ.

ಮೈದಾನದ ಹೊರಗಿನ ವಿಷಯಗಳಲ್ಲಿ ಗುಡುಗಿನದು ಎಲ್ಲಕ್ಕಿಂತ ಮುಖ್ಯವಾದದ್ದು. ದಕ್ಷಿಣ ಒಂಟಾರಿಯೊದಲ್ಲಿ ಜುಲೈ ಸಂಜೆಗಳಲ್ಲಿ ಮೋಡ ಕವಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ, ನಾವು ನಿಂತಿರುವುದೋ ಲೋಹದ ಬೇಲಿಯ ಪಕ್ಕದಲ್ಲಿ. ಗುಡುಗು ಕೇಳಿದ ಕೂಡಲೇ ಎಲ್ಲರೂ ಕಾರಿನೊಳಗೋ ಕಟ್ಟಡದೊಳಗೋ ಹೋಗಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬಾರದು; ಇದನ್ನು ನಾಯಕರ ವಿವೇಚನೆಗೆ ಬಿಡಬೇಡಿ. ತಲೆಗೆ ಪೆಟ್ಟು ಬಿದ್ದವರು "ಏನೂ ಆಗಿಲ್ಲ" ಎಂದರೂ ಅಂದು ಮತ್ತೆ ಆಡಬಾರದು. 2013ರಲ್ಲಿ ಒಟ್ಟಾವಾದ ಹದಿನೇಳರ ರಗ್ಬಿ ಆಟಗಾರ್ತಿಯೊಬ್ಬಳು ಕೆಲವೇ ದಿನಗಳ ಅಂತರದಲ್ಲಿ ಮತ್ತೆ ಮತ್ತೆ ತಲೆಗೆ ಪೆಟ್ಟು ತಿಂದು ತೀರಿಕೊಂಡ ನಂತರ, 2018ರಲ್ಲಿ ಒಂಟಾರಿಯೊ ರೋವನ್ಸ್ ಲಾ ಎಂಬ ಕಾಯಿದೆಯನ್ನು ತಂದಿತು. ಅದರ ಗಮನವೆಲ್ಲ ಎಳೆಯ ಕ್ರೀಡಾಪಟುಗಳ ಮೇಲಿದ್ದರೂ, ಸಂಶಯ ಬಂದೊಡನೆ ಆಟದಿಂದ ಇಳಿಸಬೇಕೆಂಬ ಅದರ ತತ್ತ್ವ ನಲವತ್ತು ದಾಟಿದ ನಮಗೂ ಬೇಕಾದದ್ದೇ. ಡೈಮಂಡಿನ ಪರವಾನಗಿ ಕೊಡುವಾಗ ನಗರಸಭೆ ಹೊಣೆಗಾರಿಕೆ ವಿಮೆಯನ್ನು ಕೇಳುವುದು ಸಾಮಾನ್ಯ, ಆ ವೆಚ್ಚವನ್ನು ಸದಸ್ಯತ್ವ ಶುಲ್ಕದಲ್ಲಿ ಮೊದಲೇ ಸೇರಿಸಿ. ಉದ್ಯಾನದ ಮೈದಾನದಲ್ಲಿ ಬಿಯರ್ ತೆರೆದು ಸಿಕ್ಕಿಬಿದ್ದರೆ ಇಡೀ ಲೀಗಿನ ಪರವಾನಗಿಗೇ ಕುತ್ತು ಬರಬಹುದಾದ್ದರಿಂದ ಅದನ್ನೂ ಸ್ಪಷ್ಟವಾಗಿ ನಿಷೇಧಿಸಿ.

ಇನ್ನು ತಕರಾರುಗಳು. ಸೇಫೋ ಔಟೋ, ಸ್ಟ್ರೈಕೋ ಬಾಲೋ ಎಂಬಂಥ ಕಣ್ಣಂದಾಜಿನ ತೀರ್ಪುಗಳನ್ನು ಪ್ರಶ್ನಿಸುವಂತಿಲ್ಲ. ನಿಯಮವನ್ನೇ ತಪ್ಪಾಗಿ ಅನ್ವಯಿಸಿದ್ದಾರೆಂದು ಅನಿಸಿದರೆ ಮಾತ್ರ, ಅದೂ ಮುಂದಿನ ಪಿಚ್‌ಗೆ ಮೊದಲೇ, ನಾಯಕರೊಬ್ಬರೇ ಅಂಪೈರ್ ಬಳಿ ಹೋಗಿ ಆಕ್ಷೇಪಣೆ ದಾಖಲಿಸಬೇಕು. ಅದನ್ನು ವಿಚಾರಿಸಲು ಆ ಪಂದ್ಯಕ್ಕೆ ಸಂಬಂಧಪಡದ ತಂಡಗಳಿಂದ ಮೂವರನ್ನು ಋತುವಿನ ಆರಂಭದಲ್ಲೇ ನೇಮಿಸಿಡಿ, ಜಗಳವಾದ ಮೇಲೆ ಪಂಚರನ್ನು ಹುಡುಕುತ್ತ ಕೂತರೆ ಯಾರೂ ಒಪ್ಪಿ ಬರುವುದಿಲ್ಲ. ನಿಯಮಿತ ಪಂದ್ಯಗಳಲ್ಲಿ ಕನಿಷ್ಠ ಇಷ್ಟು ಆಡಿದವರಿಗೆ ಮಾತ್ರ ಪ್ಲೇಆಫ್‌ನಲ್ಲಿ ಅವಕಾಶ ಎಂದು ಒಂದು ಸಂಖ್ಯೆಯನ್ನು ನಿಗದಿಪಡಿಸಿದರೆ ಸೆಪ್ಟೆಂಬರಿನಲ್ಲಿ ಎಲ್ಲಿಂದಲೋ ಪ್ರತ್ಯಕ್ಷರಾಗುವ ಪರಿಣತರ ಸಮಸ್ಯೆಯೂ ಇರುವುದಿಲ್ಲ. ಏಪ್ರಿಲ್‌ನ ನಾಯಕರ ಸಭೆಯಲ್ಲಿ ಎಲ್ಲರೂ ಸಹಿ ಹಾಕಿದ ಮೇಲೆ, ಸುರಕ್ಷತೆಗೆ ಸಂಬಂಧಿಸಿದ್ದನ್ನು ಬಿಟ್ಟು ಬೇರಾವ ನಿಯಮವನ್ನೂ ಋತು ಮುಗಿಯುವವರೆಗೆ ತಿದ್ದಬೇಡಿ. ಬಂದ ಸಲಹೆಗಳನ್ನು ಬರೆದಿಟ್ಟುಕೊಂಡು ಚಳಿಗಾಲದಲ್ಲಿ ಒಟ್ಟಿಗೆ ಚರ್ಚಿಸಿ.