ಸಾಂಕ್ರಾಮಿಕದ ಕಾಲದಲ್ಲಿ ಮೂಗಿನ ಎಂಡೋಸ್ಕೋಪಿ (ಸ್ಕೋಪ್ ಎಂಬ ಸಣ್ಣ ನಳಿಗೆ ತೂರಿಸಿ ಮೂಗಿನೊಳಗೆ ನೋಡುವುದು) ಮಾಡಲು ಯಾವ ಪಿಪಿಇ ಕಿಟ್ ಒಳ್ಳೆಯದು? ಫೇಸ್ ಶೀಲ್ಡ್ ಇದ್ದರೆ ಸಾಮಾನ್ಯ ಮಾಸ್ಕ್ ಸಾಕೇ?

2020ರಲ್ಲಿ ನಾನೂ ಕಂಡಕಂಡವರನ್ನೆಲ್ಲ ಇದನ್ನೇ ಕೇಳುತ್ತಿದ್ದೆ. ಕಿಟ್ ಸಿಕ್ಕಿತು, ಒಳ್ಳೆಯದೇ ಸಿಕ್ಕಿತು. ಆದರೂ ಕೋವಿಡ್ ತಗುಲಿತು. ನನಗಷ್ಟೇ ಅಲ್ಲ, ನನ್ನ ಜೊತೆಗಿದ್ದ ಸಿಸ್ಟರ್‌ಗೂ.

ಬಂದ ರೋಗಿಗೆ ಮೂಗಿನಿಂದ ರಕ್ತ ಸೋರುತ್ತಿತ್ತು. ಜ್ವರವಿಲ್ಲ, ಕೆಮ್ಮಿಲ್ಲ. ಮುಂದೂಡುವಂತಿರಲಿಲ್ಲ. ಗೌನು, ಎನ್-95, ಕನ್ನಡಕ, ಶೀಲ್ಡ್ ಎಲ್ಲ ತೊಟ್ಟೇ ಎಂಡೋಸ್ಕೋಪಿ ಮಾಡಿದೆ. ಮೂಗು ಮರಗಟ್ಟಿಸುವ ಲಿಗ್ನೋಕೇನ್ ಸ್ಪ್ರೇ ಹೊಡೆದಾಗ ಆತ ಸೀನಿದ, ರಕ್ತ ಹೀರಲು ಸಕ್ಷನ್ ನಳಿಗೆ ಹಾಕಿದಾಗ ಕೆಮ್ಮಿದ. ಮೂಗಿನೊಳಗೆ ಪ್ಯಾಕ್ ಒತ್ತಿ ಇಟ್ಟ ಮೇಲೆ ರಕ್ತ ನಿಂತಿತು. ಆತನನ್ನು ಹೊರಗೆ ಕಳುಹಿಸಿ ಬಾಗಿಲು ಮುಚ್ಚಿದೆವು. ಕನ್ನಡಕದೊಳಗೆ ಮಂಜು ಕಟ್ಟಿತ್ತು, ಮಾಸ್ಕಿನ ತಂತಿ ಒತ್ತಿ ಮೂಗಿನ ಮೇಲ್ಭಾಗ ಉರಿಯುತ್ತಿತ್ತು. ರೋಗಿ ಹೋದನಲ್ಲ ಎಂದು ಅಲ್ಲೇ ಮಾಸ್ಕ್ ತೆಗೆದು ಕೇಸ್ ಶೀಟ್ ಬರೆಯಲು ಕುಳಿತೆ. ನನ್ನನ್ನು ನೋಡಿ ಸಿಸ್ಟರ್ ಕೂಡ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ಸ್ಕೋಪ್ ಒರೆಸತೊಡಗಿದರು.

ಕೆಟ್ಟದ್ದು ಅಲ್ಲಿಯೇ. ರೋಗಿ ಹೋಗಿದ್ದ, ಅವನ ಸೀನು ಹೋಗಿರಲಿಲ್ಲ. ದೊಡ್ಡ ಹನಿಗಳು ನೆಲಕ್ಕೆ ಬೀಳುತ್ತವೆ, ಸಣ್ಣವು ತೇಲುತ್ತಲೇ ಇರುತ್ತವೆ. ಕಿಟಕಿಯಿತ್ತು; ಎಸಿ ಇದೆಯೆಂದು ಮುಚ್ಚಿದ್ದೆವು. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಸಾಮಾನ್ಯವಾಗಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಂಪು ಮಾಡಿ ಮತ್ತೆ ನಮ್ಮ ಮೇಲೆಯೇ ಊದುತ್ತದೆ. ಗಂಟೆಗೆ 12 ಬಾರಿ ಗಾಳಿ ಬದಲಾಗುವ ಕೋಣೆಯಲ್ಲಿ ಇಂಥ ಕಣಗಳ ಶೇ 99ರಷ್ಟು ಹೊರಹೋಗಲು ಸುಮಾರು 23 ನಿಮಿಷ ಬೇಕು. 6 ಬಾರಿಯಾದರೆ 46 ನಿಮಿಷ, 2 ಬಾರಿ ಮಾತ್ರವಾದರೆ 138 ನಿಮಿಷ. ಈ ಲೆಕ್ಕವನ್ನು ನಾನು ಓದಿದ್ದು ಹಾಸಿಗೆ ಹಿಡಿದ ಮೇಲೆ. ನನ್ನ ಕೋಣೆಯಲ್ಲಿ ಗಾಳಿ ಎಷ್ಟು ಬಾರಿ ಬದಲಾಗುತ್ತದೆಂದು ಅದುವರೆಗೆ ಯಾರನ್ನೂ ಕೇಳಿರಲಿಲ್ಲ. ಎನ್-95 ಸುಮಾರು 0.3 ಮೈಕ್ರಾನ್ ಕಣಗಳಲ್ಲಿ ಕನಿಷ್ಠ ಶೇ 95ನ್ನು ಸೋಸುತ್ತದೆ, ನಿಜ. ನನ್ನದು ಆಗ ಮೇಜಿನ ಮೇಲಿತ್ತು.

ಸೋಂಕು ಅಲ್ಲಿಂದಲೇ ಬಂತೆಂದು ಆಣೆ ಮಾಡಿ ಹೇಳಲಾರೆ. ಆದರೆ ಆ ರೋಗಿಯ ಪರೀಕ್ಷೆ ಪಾಸಿಟಿವ್ ಬಂತು, ನಮ್ಮಲ್ಲಿ ಮಲಗಿದವರು ಆ ಕೋಣೆಯಲ್ಲಿದ್ದ ಇಬ್ಬರೇ. ನಾನು ಬೇಗ ಚೇತರಿಸಿಕೊಂಡೆ. ಸಿಸ್ಟರ್‌ಗೆ ತಿಂಗಳುಗಟ್ಟಲೆ ವಾಸನೆಯೇ ತಿಳಿಯಲಿಲ್ಲ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆಗಳನ್ನು ದಿನಕ್ಕೆ ಎರಡು ಹೊತ್ತು ಮೂಸಿ ಎಂದು ಅವರಿಗೆ ಬರೆದುಕೊಡುವಾಗ ನನಗೆ ಮುಖವೆತ್ತಿ ನೋಡಲಾಗಲಿಲ್ಲ.

ಆದ್ದರಿಂದ ಕಿಟ್ಟಿನಿಂದ ಶುರು ಮಾಡಬೇಡಿ. ಈ ಎಂಡೋಸ್ಕೋಪಿ ಇಂದೇ ಆಗಬೇಕೇ ಎಂದು ಮೊದಲು ಕೇಳಿಕೊಳ್ಳಿ. ಹಳೆಯ ಸೈನಸ್ ತೊಂದರೆ ಕಾಯಬಹುದು. ಉಸಿರಾಟಕ್ಕೆ ಅಡ್ಡಿ, ನಿಲ್ಲದ ರಕ್ತಸ್ರಾವ, ಕ್ಯಾನ್ಸರ್ ಶಂಕೆ ಕಾಯುವಂಥವಲ್ಲ. ಮಾಡಲೇಬೇಕಾದರೆ ಸ್ಪ್ರೇ ಬದಲು, ಮರಗಟ್ಟಿಸುವ ಔಷಧದಲ್ಲಿ ಅದ್ದಿದ ಹತ್ತಿಪಟ್ಟಿ ಇಡಿ, ಸೀನು ಕಡಿಮೆಯಾಗುತ್ತದೆ. ಕಿಟ್ಟಿಗೆ ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಹೊರಗಾಳಿ ಬಂದುಹೋಗುವ ವ್ಯವಸ್ಥೆಗೆ ಹಾಕಿ. ಅದು ಸಾಧ್ಯವೇ ಇಲ್ಲವಾದರೆ ಗಾಳಿಯ ಸಣ್ಣ ಕಣಗಳನ್ನು ಸೋಸುವ ಹೆಪಾ ಫಿಲ್ಟರ್ ಯಂತ್ರವಾದರೂ ಇರಲಿ. ಬರೆಯುವ ಮೇಜನ್ನು ಇವತ್ತೇ ಆ ಕೋಣೆಯಿಂದ ಹೊರಗೆ ಹಾಕಿಸಿ. ಮಾಸ್ಕ್ ಕಳಚುವುದು ಎಲ್ಲಕ್ಕಿಂತ ಕೊನೆಗೆ, ಹೊರಬಂದು ಬಾಗಿಲು ಎಳೆದ ಮೇಲೆ.

ಇನ್ನು ಶೀಲ್ಡ್. ಅದು ಎದುರಿನಿಂದ ಸಿಡಿಯುವುದನ್ನು ತಡೆಯುತ್ತದೆ, ಪಕ್ಕದಿಂದ ನುಗ್ಗುವ ಗಾಳಿಯನ್ನಲ್ಲ. ಎನ್-95 ಬೇಕೇ ಬೇಕು. ಗಡ್ಡವಿದ್ದರೆ ಬೋಳಿಸಿ, ಇಲ್ಲವಾದರೆ ಅಂಚು ಚರ್ಮಕ್ಕೆ ಕೂರುವುದಿಲ್ಲ. ನೀವು ಧರಿಸುವಂಥದ್ದೇ ಮಾಸ್ಕನ್ನು ಸ್ಕೋಪ್ ತೊಳೆಯುವವರಿಗೂ ಕೊಡಿ. ಆ ಕೋಣೆಯಲ್ಲಿ ನಿಮಗಿಂತ ಹೆಚ್ಚು ಹೊತ್ತು ಇರುವವರು ಅವರು.